ವಿದೇಶಕ್ಕೆ ಹೊರಟವರಿಗೆ: ಹೈದರಾಬಾದೋ, ಬೆಂಗಳೂರೋ?

ಬೀದರಿನವರು ಯೋಚಿಸುವುದೇ ಬೇಡ, ಹೈದರಾಬಾದೇ ಸರಿ. ಕಲಬುರಗಿಯವರಿಗೂ ನನ್ನ ಮತ ಅದಕ್ಕೇ. ರಸ್ತೆಯಲ್ಲಿ ಸುಮಾರು 220 ಕಿ.ಮೀ.; ಹುಮನಾಬಾದ್, ಜಹೀರಾಬಾದ್ ದಾಟಿ ಪಟಾನ್‌ಚೆರುವಿನ ಹತ್ತಿರ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗಿನ ಟ್ರಾಫಿಕ್ ಇಲ್ಲದೆ ಶಂಶಾಬಾದ್ ವಿಮಾನ ನಿಲ್ದಾಣ ಮುಟ್ಟಬಹುದು. ದುಬೈ, ದೋಹಾ, ಸಿಂಗಪುರಕ್ಕೆ ಅಲ್ಲಿಂದಲೇ ನೇರ ವಿಮಾನ.

ಬೆಂಗಳೂರಿಗೆ ರಾತ್ರಿ ರೈಲಿದೆ ನಿಜ. ಆದರೆ ಸ್ಟೇಷನ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಮತ್ತೊಂದು ಪ್ರಯಾಣ. ಒಮ್ಮೆ ರೈಲು ತಡವಾಗಿ, ಕ್ಯಾಬಿನಲ್ಲಿ ಕೂತು ಗಡಿಯಾರ ನೋಡುತ್ತಾ ಅವ್ವನ ಕೈ ಹಿಡಿದಿದ್ದೆ. ಆ ಎದೆಬಡಿತ ಯಾರಿಗೂ ಬೇಡ. ಪ್ಯಾರಿಸ್, ಟೋಕಿಯೊಗೆ ನೇರ ಹೋಗುವುದಿದ್ದರೆ ಮಾತ್ರ ಬೆಂಗಳೂರು, ಅದೂ ಒಂದು ದಿನ ಮುಂಚೆ. ಯಾದಗಿರಿಯವರು ಟಿಕೆಟ್ ದರ ನೋಡಿ ನಿರ್ಧರಿಸಿ.

ಎಲ್ಲಿಂದ ಹೊರಟರೂ ಬ್ಯಾಗ್ ಮನೆಯಲ್ಲೇ ಬಿಚ್ಚಿ ನೋಡಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಒಣಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತು, ಒಯ್ಯಬೇಡಿ. ದುಬೈಗಾದರೆ ಗಸಗಸೆಯ ಒಂದು ಕಾಳೂ ಬೇಡ, ಅಲ್ಲಿ ಅದು ನಿಷಿದ್ಧ. ಅವ್ವ ಉಂಡಿಗೆ ಹಚ್ಚಿದ್ದ ಗಸಗಸೆ ಕಂಡು, ಡಬ್ಬಿಯನ್ನೇ ಮನೆಯಲ್ಲಿ ಬಿಟ್ಟು ಹೊರಟಿದ್ದೆವು.