ಓದೋದಾ, ಕೇಳೋದಾ? ಕೊಡಗಿನ ಮಳೆಗಾಲದಲ್ಲಿ ಎರಡನ್ನೂ ಮಾಡಿ ನೋಡಿದೆ

"ಯಾವುದಾದ್ರೂ ಒಳ್ಳೇ ಪುಸ್ತಕ ಇದ್ರೆ ಹೇಳಿ" ಅಂತ ಯಾರಾದರೂ ಕೇಳಿದರೆ ನಾವು ಹೆಸರು ಹೇಳಿ ಸುಮ್ಮನಾಗುತ್ತೇವೆ. ಅದನ್ನು ಓದಬೇಕಾ, ಕೇಳಬೇಕಾ ಅಂತ ಹೇಳುವುದಿಲ್ಲ. ಕೊಡಗಿನಲ್ಲಿ ಅದು ಅರ್ಧ ಸಲಹೆ. ಜೂನ್ ಬಂತೆಂದರೆ ಇಲ್ಲಿ ಕರೆಂಟು, ನೆಟ್‌ವರ್ಕು, ಪುಸ್ತಕದ ಹಾಳೆ ಮೂರೂ ನಮ್ಮ ಕೈಯಲ್ಲಿರುವುದಿಲ್ಲ. ಹಾಗಾಗಿ ಈ ಸಲ ಅಚ್ಚಿನ ಪುಸ್ತಕ, ಇ-ಪುಸ್ತಕ, ಆಡಿಯೋ, ರೇಡಿಯೋ ಎಲ್ಲವನ್ನೂ ಬಳಸಿ ನೋಡಿದೆ.

ಅಚ್ಚಿನ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಇದ್ದ ಸ್ಪರ್ಧೆ ಬೇಗ ಮುಗಿಯಿತು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ರಟ್ಟು ಉಬ್ಬುತ್ತದೆ. ಒಲೆಯ ಹತ್ತಿರದ ಅಟ್ಟದಲ್ಲಿಟ್ಟರೆ ಬೂಷ್ಟು ಕಮ್ಮಿ, ಆದರೆ ಪುಟ ತೆರೆದರೆ ಒಣಮೀನಿನ ವಾಸನೆ. ಫೋನಿಗೆ ಬೂಷ್ಟಿಲ್ಲ, ಚಾರ್ಜೂ ಇಲ್ಲ. ಅದಕ್ಕಿಂತ ಮುಖ್ಯ, ಇ-ಪುಸ್ತಕ ಎಷ್ಟೇ ಇಷ್ಟವಾದರೂ ಪಕ್ಕದ ಮನೆಯವರ ಕೈಗೆ ಕೊಡೋಕಾಗಲ್ಲ. ನಾಲ್ಕು ಜನಕ್ಕೆ ಓದಿಸಬೇಕೆಂದರೆ ಅಚ್ಚಿನದೇ ಸರಿ, ವಾಸನೆ ಸಮೇತ.

ನಿಜವಾದ ಪೈಪೋಟಿ ಇದ್ದದ್ದು ಮನಸ್ಸಿನಲ್ಲಿ ಓದುವುದಕ್ಕೂ ಕಿವಿಯಲ್ಲಿ ಕೇಳುವುದಕ್ಕೂ. ತೇಜಸ್ವಿಯವರ 'ಕರ್ವಾಲೊ' ತಗೊಳ್ಳಿ. 1980ರಲ್ಲಿ ಬಂದ ಕಾದಂಬರಿ, ಮೂಡಿಗೆರೆ ಕಡೆಯ ಕಥೆ. ಮೊದಲು ಒಬ್ಬನೇ ಓದಿದೆ. ಆಮೇಲೆ ಕರೆಂಟು ಹೋದ ರಾತ್ರಿಗಳಲ್ಲಿ ಮನೆಯವರಿಗೆ ಗಟ್ಟಿಯಾಗಿ ಓದಿದೆ. ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ ಇವರೆಲ್ಲ ಬಾಯಿ ತೆರೆದಾಗ ಕೇಳುವುದರ ಮುಂದೆ ಓದುವುದು ಏನೂ ಅಲ್ಲ. ನಾನು ಒಬ್ಬನೇ ಓದುವಾಗ ಮುಗುಳ್ನಕ್ಕ ಜಾಗದಲ್ಲಿ ಮನೆಯವರು ಬಿದ್ದು ಬಿದ್ದು ನಕ್ಕರು. ಆದರೆ ಜೀವವಿಕಾಸದ ಮಾತು ಬಂದಾಗ ಒಬ್ಬೊಬ್ಬರೇ ಆಕಳಿಸಿದರು. ಆ ಪುಟಗಳನ್ನು ನಿಲ್ಲಿಸಿ, ಹಿಂದೆ ಹೋಗಿ ಓದಬೇಕು. ಕಿವಿಗೆ ಹಿಂದೆ ಹೋಗೋಕೆ ಬರಲ್ಲ ಅಲ್ವಾ?

ಆಡಿಯೋ ಪುಸ್ತಕದ ಬಗ್ಗೆ ಪೇಟೆಯವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ಮಡಿಕೇರಿಯಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಅದಕ್ಕೆ ಸಾಟಿಯಿಲ್ಲ. ಕುಶಾಲನಗರದವರೆಗಿನ ತಿರುವುಗಳಲ್ಲಿ ಪುಸ್ತಕ ಹಿಡಿದರೆ ಹೊಟ್ಟೆ ತೊಳೆಸುತ್ತದೆ. ಆದರೆ ಮನೆಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಫೋನಿನ ಸ್ಪೀಕರ್ ಬಾಯಾಡಿಸಿದ ಹಾಗಷ್ಟೇ ಇರುತ್ತದೆ. ಇಯರ್‌ಫೋನ್ ಬೇಕೇ ಬೇಕು. ತೋಟದಲ್ಲಿ ಇಯರ್‌ಫೋನ್ ಹಾಕಿದರೆ ಆನೆ ಬಿದಿರು ಮುರಿಯುವ ಸದ್ದು ಕೇಳಿಸುವುದಿಲ್ಲ. ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಒಂದೇ ಕಿವಿಗೆ ಹಾಕುತ್ತೇನೆ, ಅದೂ ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ನೆಟ್‌ವರ್ಕ್ ಇರುವಲ್ಲೇ ಡೌನ್‌ಲೋಡ್ ಮಾಡಿಕೊಂಡು ಬರುವುದನ್ನು ಮರೆಯಬೇಡಿ.

ಫೋನೇ ಓದಿ ಹೇಳುವ ಯಂತ್ರದ ದನಿಯನ್ನೂ ಪರೀಕ್ಷಿಸಿದೆ. ಸುದ್ದಿಗೆ ನಡೆಯುತ್ತದೆ. ಕಥೆಗೆ ಬೇಡ. ಸಾವಿನ ಸುದ್ದಿಯನ್ನೂ ಸಂತೆಯ ದರವನ್ನೂ ಒಂದೇ ರಾಗದಲ್ಲಿ ಹೇಳುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ ಅದಕ್ಕೆ ಬರೀ ಚಿತ್ರ, ಓದೋಕೇ ಬರಲ್ಲ.

ಹಾಗಾಗಿ ಕೊಡಗಿನ ಗೌರಮ್ಮನವರ ಕಥೆಗಳನ್ನು ನಾನೇ ಓದಿ ರೆಕಾರ್ಡ್ ಮಾಡಿದೆ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿ, 1939ರಲ್ಲಿ ಬರೀ 27ನೇ ವಯಸ್ಸಿಗೆ ನೀರಿನಲ್ಲಿ ಮುಳುಗಿ ತೀರಿಕೊಂಡವರು. ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ಆದ್ದರಿಂದ ಅವರ ಕಥೆಗಳನ್ನು ಯಾರು ಬೇಕಾದರೂ ಓದಿ ಹಂಚಬಹುದು. ತೇಜಸ್ವಿಯವರದ್ದನ್ನು ಹಾಗೆ ಹಂಚುವಂತಿಲ್ಲ, ಅವರು ಹೋದದ್ದು 2007ರಲ್ಲಿ. ಗೌರಮ್ಮನವರ ಕಥೆಗಳು ಚಿಕ್ಕವು, ಮಾತು ಸರಳ. ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿದ್ದ ನಮ್ಮ ಅತ್ತೆಗೆ ವಾಟ್ಸಾಪಿನಲ್ಲಿ ಒಂದೊಂದೇ ಕಳಿಸಿದೆ. ಅವರು ಅದನ್ನು ಯಾರ್‍ಯಾರಿಗೋ ಕಳಿಸಿ, ಈಗ ಗುರುತಿಲ್ಲದವರು "ಸ್ವಲ್ಪ ನಿಧಾನ ಓದಿ" ಅಂತಾರೆ. ಇಷ್ಟು ಸುಲಭವಾಗಿ ಹರಡಿದ್ದು ಬೇರೆ ಯಾವುದೂ ಇಲ್ಲ.

ಬಾನು ಮುಷ್ತಾಕ್ ಅವರ ಕಥೆಗಳನ್ನು ಎಲ್ಲರೂ ಹೇಳುತ್ತಿದ್ದಾರೆ, ನಾನೂ ಹೇಳುತ್ತೇನೆ. 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದ ಅವರ ಕಥಾಸಂಕಲನ 'ಹಾರ್ಟ್ ಲ್ಯಾಂಪ್' ಅನ್ನು ಇಂಗ್ಲಿಷಿಗೆ ತಂದವರು ನಮ್ಮ ಮಡಿಕೇರಿಯ ದೀಪಾ ಭಾಸ್ತಿ ಅನ್ನುವುದು ಇಲ್ಲಿನವರಿಗೆ ಒಂದು ಹೆಮ್ಮೆ. ಹೆಚ್ಚಿನ ಕಥೆಗಳನ್ನು ಓದಿಯೇ ಮುಗಿಸಿ. 'ಒಮ್ಮೆ ಹೆಣ್ಣಾಗು ಪ್ರಭುವೇ' ಮಾತ್ರ ಕನ್ನಡದಲ್ಲಿ, ಯಾರಾದರೂ ಹೆಂಗಸಿನ ದನಿಯಲ್ಲಿ ಕೇಳಿ. ಒಬ್ಬಳು ದೇವರ ಎದುರು ನಿಂತು ಆಡುವ ಮಾತು ಅದು. ನನ್ನ ದನಿಯಲ್ಲಿ ಅದು ಕೂರಲಿಲ್ಲ, ತಂಗಿ ಓದಿದಾಗ ಕೂತಿತು.

ರೇಡಿಯೋವನ್ನು ಕೊನೆಗೆ ಇಟ್ಟಿದ್ದೇನೆ ಅಂತ ಕಡೆಗಣಿಸಬೇಡಿ. ಆಕಾಶವಾಣಿ ಮಡಿಕೇರಿಗೆ ನೆಟ್ ಬೇಡ, ಸೆಲ್ ಹಾಕಿದರೆ ಸಾಕು. ಕನ್ನಡದ ಜೊತೆ ಕೊಡವ, ಅರೆಭಾಷೆ ಕಾರ್ಯಕ್ರಮಗಳೂ ಬರುತ್ತವೆ. ತೊಂದರೆ ಒಂದೇ, ತಪ್ಪಿದರೆ ತಪ್ಪಿತು.

ಓದುವುದೂ ಕೇಳುವುದೂ ಎರಡೂ ಸೋತದ್ದು 'ಪಟ್ಟೋಲೆ ಪಳಮೆ' ಮುಂದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಪಾಟುಗಳನ್ನು, ಅಂದರೆ ಹಾಡುಗಳನ್ನು, ಕೂಡಿಸಿ 1924ರಲ್ಲಿ ಕನ್ನಡ ಲಿಪಿಯಲ್ಲಿ ತಂದ ಪುಸ್ತಕ. ಸುಮ್ನೆ ಓದಿದರೆ ಸಾಲುಗಳು ಸಪ್ಪೆ. ಮದುವೆ ಮನೆಯಲ್ಲಿ ನಾಲ್ವರು ದುಡಿ ಬಾರಿಸುತ್ತಾ ಹಾಡುವಾಗ ಮೈ ಜುಂ ಅನ್ನುತ್ತದೆ, ಆದರೆ ದುಡಿಯ ಸದ್ದಿನಲ್ಲಿ ಅರ್ಧ ಮಾತು ನನಗೆ ಹಿಡಿಯುವುದಿಲ್ಲ. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ತಿರುಗಿ ಹಾಡುತ್ತಾರಲ್ಲ, ಆ ಬಿಡುವಿನಲ್ಲೇ ಪುಸ್ತಕದ ಸಾಲು ಹುಡುಕಿಕೊಳ್ಳಬಹುದು. ಸುಗ್ಗಿಯ ಹಬ್ಬ ಪುತ್ತರಿಗೆ ಹೋಗುವವರು ಪುಸ್ತಕ ಕೈಯಲ್ಲಿ ಹಿಡಿದೇ ಹೋಗಿ. ಹಿರಿಯರು ನಗುತ್ತಾರೆ, ಆಮೇಲೆ ಅವರೇ ಪುಟ ತೋರಿಸುತ್ತಾರೆ.