ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಮಾಡೆಲ್ ವಿಮಾನಕ್ಕೆ ಬೇಡ, ಮಕ್ಕಳಿರುವ ಕೋಣೆಗೆ ಬೇಡವೇ ಬೇಡ

ಪ್ಲಾಸ್ಟಿಕ್ ಕಿಟ್ ತರಿಸಿಕೊಂಡು ಪುಟ್ಟ ವಿಮಾನ ಕಟ್ಟುವವರು ಈಗ ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆಯೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟುವ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. ಮರದ ಪಾಲಿಶ್, ಬಣ್ಣ ತೆಳು ಮಾಡಲು ಬಳಸುವ ಎನ್‌ಸಿ ಥಿನ್ನರ್‌ನ ಒಂದು ಬಾಟಲಿಯಿಂದ ನಮ್ಮ ಮನೆಯಲ್ಲಿ ಎರಡು ತಿಂಗಳ ಕೆಲಸ ಒಂದೇ ಸಂಜೆಗೆ ಹೋಯಿತು. ಅದು ಹೋದರೆ ಹೋಗಲಿ. ನನ್ನ ಒಂಬತ್ತು ವರ್ಷದ ಮಗ ಅವತ್ತು ತಲೆ ಸುತ್ತಿ ವಾಂತಿ ಮಾಡಿಕೊಂಡ. ಆ ಭಯ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಮ್ಮಪ್ಪ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟರ್ ಆಗಿದ್ದವರು. ನಿವೃತ್ತಿಯಾಗುವವರೆಗೂ ಜಾಸ್ತಿ ಕೆಲಸ ಮಾಡಿದ್ದು ಮಿಗ್-21 ಮೇಲೆ. 1963ರಲ್ಲಿ ವಾಯುಪಡೆಗೆ ಬಂದ ಆ ವಿಮಾನಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿದರಲ್ಲ, ಅವತ್ತು ಅಪ್ಪ ಟಿವಿ ಮುಂದೆ ಎದ್ದು ನಿಂತಿದ್ದರು. ಕಾರ್ಯಕ್ರಮ ಮುಗಿಯುವ ತನಕ ಕೂತುಕೊಳ್ಳಲಿಲ್ಲ. ಅವರಿಗಾಗಿ ಒಂದು ಮಿಗ್-21 ಕಟ್ಟಬೇಕು ಅಂತ ನಾನು ಅವತ್ತೇ ತೀರ್ಮಾನ ಮಾಡಿದೆ.

ಕಿಟ್ 1/72 ಅಳತೆಯದು. ನಿಜವಾದ ಮಿಗ್-21ರ ರೆಕ್ಕೆ ಈ ತುದಿಯಿಂದ ಆ ತುದಿಗೆ 7.15 ಮೀಟರ್. 72ರಿಂದ ಭಾಗಿಸಿದರೆ ಹತ್ತಿರಹತ್ತಿರ 10 ಸೆಂಟಿಮೀಟರ್, ನನ್ನ ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟು ಚಿಕ್ಕದರಲ್ಲೂ ಪ್ಯಾನೆಲ್ ಗೆರೆಗಳು, ರಿವೆಟ್ ಚುಕ್ಕಿಗಳು ಕೂದಲೆಳೆಯ ಹಾಗೆ ಕೊರೆದಿರುತ್ತವೆ. ಕಾಕ್‌ಪಿಟ್ ಒಳಗಿನ ಬಣ್ಣ ಬೆರೆಸುವಾಗ ಅಪ್ಪ ಪಕ್ಕದಲ್ಲೇ ಕೂತಿದ್ದರು. ರಷ್ಯದವರ ಆ ಬಣ್ಣ ಅತ್ತ ಹಸಿರೂ ಅಲ್ಲ, ಇತ್ತ ನೀಲಿಯೂ ಅಲ್ಲ. ನಾಲ್ಕು ಸಲ ಬೆರೆಸಿದ ಮೇಲೆ "ಹ್ಞಾಂ, ಇದೇ ನೋಡವ್ವ" ಅಂದರು.

ಮೂಗಿನ ಮುಂದೆ ಚಾಚಿಕೊಂಡಿರುವ ಪಿಟೋ ಕೊಳವೆ ಕಿಟ್‌ನಲ್ಲಿ ದಪ್ಪಗಿತ್ತು. ಅದನ್ನು ಕತ್ತರಿಸಿ ಅಪ್ಪನ ಇನ್ಸುಲಿನ್ ಸಿರಿಂಜಿನ ಹೊಸ ಸೂಜಿ ಕೂರಿಸಿದೆ. ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದ್ದು ಅಪ್ಪನೇ. ನಡುಗುವ ಕೈಯಲ್ಲಿ ಅರ್ಧ ಗಂಟೆ ಉಜ್ಜಿದರು. ಮಗ ಭೂತಗನ್ನಡಿ ಹಿಡಿದುಕೊಂಡಿದ್ದ. ಮೂರು ತಲೆಮಾರಿನ ಕೈ ಬಿದ್ದ ವಿಮಾನ ಅದು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಳೆದುಕೊಂಡದ್ದು ಕಿಟ್‌ನ ದುಡ್ಡಲ್ಲ ಅನ್ನೋದು ಗೊತ್ತಾಗಲಿ ಅಂತ.

ಬಣ್ಣ ಹಾಕುವಾಗ ತಪ್ಪಾಯಿತು. ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಒತ್ತಡ ಜಾಸ್ತಿ ಇಟ್ಟು, ಬಣ್ಣ ಸಾಕಷ್ಟು ತೆಳು ಮಾಡದೆ, ದೂರದಿಂದ ಹೊಡೆದೆ. ಹನಿಗಳು ರೆಕ್ಕೆಗೆ ತಲುಪುವ ಮೊದಲೇ ಒಣಗಿ, ಮುಟ್ಟಿದರೆ ರವೆ ಸವರಿದ ಹಾಗೆ ಆಗಿತ್ತು. ಅದನ್ನು ತೆಗೆದು ಮತ್ತೆ ಹೊಡೆಯಬೇಕಿತ್ತು. ಮಾಡೆಲ್ ಬಣ್ಣದ ಕಂಪನಿಯ ಥಿನ್ನರ್ ಮುಗಿದಿತ್ತು. ನಾನು ಹುಡುಕಿದ ಅಂಗಡಿಗಳಲ್ಲಿ ಅಂಥದ್ದು ಸಿಗಲಿಲ್ಲ. ಕೊರಿಯರ್‌ಗೆ ಒಂದು ವಾರ. ಅಪ್ಪನ ಹುಟ್ಟುಹಬ್ಬಕ್ಕೆ ಉಳಿದದ್ದು ಐದೇ ದಿನ.

ಒಂದು ವಿಡಿಯೊದಲ್ಲಿ "ಲ್ಯಾಕರ್ ಥಿನ್ನರ್" ಬಳಸಿದ್ದನ್ನು ನೋಡಿದ್ದೆ. ಊರೊಳಗಿನ ಒಂದು ಪೇಂಟ್ ಅಂಗಡಿಗೆ ಹೋಗಿ ಅದೇ ಹೆಸರು ಹೇಳಿ ಕೇಳಿದೆ. "ಎಲ್ಲಾ ಒಂದೇ ಅಕ್ಕಾ, ತಗೊಂಡ್ ಹೋಗ್ರಿ" ಅಂತ ಡಬ್ಬದಿಂದ ಬಗ್ಗಿಸಿ, ಖಾಲಿ ನೀರಿನ ಬಾಟಲಿಗೆ ತುಂಬಿ ಕೊಟ್ಟರು. ಅವರು ಮೋಸ ಮಾಡಿದರು ಅಂತ ನಾನು ಹೇಳಲಾರೆ. ಬಾಗಿಲು, ಮಂಚಕ್ಕೆ ಪಾಲಿಶ್ ಮಾಡುವವರಿಗೆ ಅದು ಸರಿಯಾದ ಮಾಲೇ. ಆದರೆ ಆ ಒಂದು ಹೆಸರಿನ ಹಿಂದೆ ಎರಡು ಬೇರೆ ಬೇರೆ ವಸ್ತುಗಳಿವೆ. ಮಾಡೆಲ್ ಬಣ್ಣದ ಕಂಪನಿಗಳು ಮಾರುವ ಲ್ಯಾಕರ್ ಥಿನ್ನರ್ ಪ್ಲಾಸ್ಟಿಕ್ ಮೇಲೆ ಸ್ವಲ್ಪ ಮೆದು. ಅದನ್ನೂ ಬಣ್ಣದ ಜೊತೆ ಬೆರೆಸಿ ತೆಳ್ಳಗೆ ಸಿಂಪಡಿಸುವುದೇ ಹೊರತು ಸುರಿದು ಉಜ್ಜುವುದಲ್ಲ. ಅಂಗಡಿಯ ಎನ್‌ಸಿ ಥಿನ್ನರ್ ಮರ, ಲೋಹದ ಮೇಲಿನ ಗಟ್ಟಿ ಬಣ್ಣಕ್ಕೆ ಮಾಡಿದ್ದು. ಟೊಲುಯೀನ್, ಅಸಿಟೋನ್ ಥರದ ಖಾರವಾದ ದ್ರಾವಕಗಳು ಅದರಲ್ಲಿ ಇರುತ್ತವೆ. ನಮ್ಮ ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದು ಇವುಗಳಲ್ಲಿ ಬೆಲ್ಲದ ಹಾಗೆ ಕರಗುತ್ತದೆ.

ಕರಗುತ್ತದೆ ಅನ್ನೋದು ನನಗೂ ಗೊತ್ತಿತ್ತು. ಕಿಟ್ ಅಂಟಿಸುವ ಸಿಮೆಂಟ್ ಕೆಲಸ ಮಾಡುವುದೇ ಹಾಗೆ ಅಲ್ವಾ? ಎರಡೂ ಅಂಚನ್ನು ಚೂರು ಕರಗಿಸಿ ಬೆಸೆಯುತ್ತದೆ. ಟಮಿಯಾ ಅನ್ನುವ ಮಾಡೆಲ್ ಕಂಪನಿಯ ಹಸಿರು ಮುಚ್ಚಳದ ತೆಳು ಸಿಮೆಂಟ್‌ನಲ್ಲೂ ಅಸಿಟೋನ್ ಇದೆ. ಆದರೆ ಅಲ್ಲಿ ಕುಂಚದ ತುದಿಯಷ್ಟು ತಾಗಿಸುತ್ತೇವೆ, ಕ್ಷಣದಲ್ಲಿ ಆರಿ ಹೋಗುತ್ತದೆ. ನಾನು ಮಾಡಿದ್ದು ಬೇರೆ.

ಸಂಜೆ ಏಳರ ಹೊತ್ತು. ಸೊಳ್ಳೆ ಬರುತ್ತವೆ ಅಂತ ಕಿಟಕಿ ಹಾಕಿದ್ದೆ. ಹಸಿ ಬಣ್ಣಕ್ಕೆ ಧೂಳು ಕೂರಬಾರದು ಅಂತ ಫ್ಯಾನ್ ಕೂಡ ಆಫ್. ನಾನೂ ಪಕ್ಕದಲ್ಲಿದ್ದ ಮಗನೂ ಮೆಡಿಕಲ್ ಶಾಪಿನ ಮಾಸ್ಕ್ ಹಾಕಿಕೊಂಡಿದ್ದೆವು. ಥಿನ್ನರ್ ಅನ್ನು ಒಂದು ಯೂಸ್ ಆಂಡ್ ಥ್ರೋ ಕಪ್ಪಿಗೆ ಸುರಿದೆ. ಸ್ವಲ್ಪ ಹೊತ್ತಿಗೆ ಕಪ್ಪಿನ ತಳ ಮೆತ್ತಗಾಗಿ ಕೆಳಗಿನ ಪೇಪರಿಗೆ ಅಂಟಿಕೊಂಡಿತು. ಅಗ್ಗದ ಕಪ್ ಅಂದುಕೊಂಡು ಸ್ಟೀಲ್ ಲೋಟಕ್ಕೆ ಸುರಿದುಕೊಂಡೆ. ಅಂಥ ಕಪ್ಪುಗಳಲ್ಲಿ ಬಹಳಷ್ಟು ಪಾಲಿಸ್ಟೈರೀನ್‌ನವೇ. ಕಿಟ್‌ಗೆ ಏನಾಗಲಿದೆ ಅಂತ ಆ ಕಪ್ಪು ನನ್ನ ಕಣ್ಣೆದುರೇ ತೋರಿಸಿತ್ತು. ನಾನು ನೋಡಿಯೂ ನಿಲ್ಲಲಿಲ್ಲ.

ಇಯರ್ ಬಡ್ ಅದ್ದಿ ಎಡ ರೆಕ್ಕೆಯ ಮೇಲೆ ಒಂದು ಸಲ ಎಳೆದೆ. ಬೂದು ಬಣ್ಣ ಬೆಣ್ಣೆಯ ಹಾಗೆ ಬಂತು. ಖುಷಿಯಾಯಿತು. ಎರಡನೇ ಸಲ ಎಳೆಯುವಾಗ ಬಡ್ ಮುಂದಕ್ಕೆ ಹೋಗಲಿಲ್ಲ. ಹತ್ತಿಯ ಎಳೆಗಳು ಪ್ಲಾಸ್ಟಿಕ್‌ನೊಳಗೇ ಹೂತು ನಿಂತವು. ಗಾಬರಿಯಲ್ಲಿ ವಿಮಾನ ತಿರುಗಿಸಿ ಹಿಡಿದೆ. ಬೆರಳು ತೆಗೆದಾಗ ರೆಕ್ಕೆಯ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು. ಆಧಾರ್‌ಗೆ ಒತ್ತಿದಷ್ಟು ಸ್ಪಷ್ಟವಾಗಿ, ಗೆರೆಗೆರೆಯಾಗಿ. ಪ್ಯಾನೆಲ್ ಗೆರೆ, ರಿವೆಟ್ ಒಂದೂ ಇಲ್ಲ. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಥಿನ್ನರ್ ಒಳಗಿಳಿದು ಬೆಸುಗೆ ಬಿಟ್ಟುಕೊಂಡಿತು. ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನೊಪಿಗೆ ಎರಡು ಹನಿ ಸಿಡಿದಿತ್ತು ಅಷ್ಟೇ. ಅಲ್ಲಿಂದ ಜೇಡರ ಬಲೆಯ ಹಾಗೆ ಸಣ್ಣ ಬಿರುಕು ಹರಡಿ ಗಾಜು ಹಾಲಿನ ಬಣ್ಣಕ್ಕೆ ತಿರುಗಿತು. ಅಪ್ಪ ಒಪ್ಪಿದ ಆ ಹಸಿರು-ನೀಲಿ ಮತ್ತೆ ಕಾಣಲಿಲ್ಲ.

ಉಳಿಸಬೇಕು ಅಂತ ಇನ್ನೂ ಮುಕ್ಕಾಲು ಗಂಟೆ ಹೆಣಗಾಡಿದೆ. ಅದು ಅವತ್ತಿನ ಎರಡನೇ ತಪ್ಪು, ದೊಡ್ಡ ತಪ್ಪು. ತೆರೆದ ಲೋಟ, ಥಿನ್ನರ್ ಹೀರಿದ ಬಟ್ಟೆ, ಹತ್ತಿ ಎಲ್ಲ ಮೇಜಿನ ಮೇಲೇ. ಮಗ ಮೇಜಿಗೆ ಗಲ್ಲ ಊರಿ, ಲೋಟದಿಂದ ಒಂದು ಗೇಣು ದೂರದಲ್ಲಿ ಮುಖ ಇಟ್ಟುಕೊಂಡು ನೋಡುತ್ತಿದ್ದ. "ಅಮ್ಮಾ, ತಲೆ ಒಂಥರಾ ಆಗ್ತಿದೆ" ಅಂದ. ಸಂಜೆ ತಿಂದ ಮೆಣಸಿನಕಾಯಿ ಮಂಡಕ್ಕಿ ಆಗಿಬರಲಿಲ್ಲವೇನೋ ಅಂದುಕೊಂಡೆ. ಅಷ್ಟರಲ್ಲಿ ವಾಂತಿ ಮಾಡಿದ. ಎತ್ತಿಕೊಳ್ಳಲು ನಾನು ಎದ್ದೆ, ನನ್ನ ಕಾಲೇ ನಿಲ್ಲಲಿಲ್ಲ, ಗೋಡೆ ಹಿಡಿದುಕೊಂಡೆ. ಒಳಗೆ ಕೂತವರಿಗೆ ಆ ವಾಸನೆ ರೂಢಿಯಾಗಿ ಗೊತ್ತೇ ಆಗುವುದಿಲ್ಲ. ಅದನ್ನು ಮರೆಯಬೇಡಿ.

ವಾಕಿಂಗ್ ಮುಗಿಸಿ ಬಂದ ಅಪ್ಪನಿಗೆ ಹೊಸ್ತಿಲಲ್ಲೇ ಗೊತ್ತಾಯಿತು. ಹ್ಯಾಂಗರ್‌ಗಳಲ್ಲಿ ಕೆಲಸ ಮಾಡಿದ ಮೂಗು ಅದು. ನಾನು ಫ್ಯಾನ್ ಹಾಕಲು ಕೈ ಚಾಚಿದ್ದೆ. "ಸ್ವಿಚ್ ಮುಟ್ಟಬ್ಯಾಡ! ಮೊದ್ಲು ಹುಡುಗನ್ನ ಹೊರಗೆ ತಗೊಂಡ್ ನಡಿ" ಅಂತ ಕೂಗಿದರು. ಪಕ್ಕದಲ್ಲೇ ದೇವರ ಮನೆ, ಅಲ್ಲಿ ದೀಪ ಉರಿಯುತ್ತಿತ್ತು. ಥಿನ್ನರ್‌ನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಿದು ಹೋಗುತ್ತದೆ. ಸಣ್ಣ ಕಿಡಿ ಸಾಕು ಹತ್ತಿಕೊಳ್ಳಲು. ಗ್ಯಾಸ್ ಸೋರಿದಾಗ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಇದಕ್ಕೂ ಅದೇ ನಿಯಮ ಅಂತ ನನಗೆ ಹೊಳೆದೇ ಇರಲಿಲ್ಲ.

ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೇವರ ದಯೆ, ಹೊರಗಿನ ಗಾಳಿಗೆ ಬಂದ ಮೇಲೆ ಚೇತರಿಸಿಕೊಂಡಿದ್ದ. ಡಾಕ್ಟರ್ ಪರೀಕ್ಷೆ ಮಾಡಿ ರಾತ್ರಿಯೆಲ್ಲ ಕಣ್ಣಿಟ್ಟಿರಿ, ಮಂಪರು ಜಾಸ್ತಿಯಾದರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ಕರೆತನ್ನಿ ಅಂದರು. ಮಾಸ್ಕ್ ಹಾಕಿದ್ದೆವು ಅಂದೆ. ಆ ಬಟ್ಟೆಯ ಮಾಸ್ಕ್ ಹನಿ, ಧೂಳನ್ನು ತಡೆಯಬಹುದು, ಆವಿಯನ್ನು ತಡೆಯುವುದಿಲ್ಲ ಅಂದರು. ಆವಿಗೆ ಬೇಕಾದದ್ದು ಇದ್ದಿಲಿನ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್. ನೀರಿನ ಬಾಟಲಿಯ ವಿಷಯ ಹೇಳಿದಾಗ ಅವರ ಮುಖವೇ ಬದಲಾಯಿತು. ಯಾರಾದರೂ ನೀರು ಅಂತ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ, ನೇರ ಆಸ್ಪತ್ರೆಗೆ ಬನ್ನಿ ಅಂದರು. ಮನೆಗೆ ಬಂದು ನೋಡಿದರೆ ಆ ಬಾಟಲಿ ಮೇಜಿನ ಮೇಲೆ ಮಗನ ಸ್ಕೂಲಿನ ನೀರಿನ ಬಾಟಲಿಯ ಪಕ್ಕದಲ್ಲೇ ನಿಂತಿತ್ತು.

ಈಗ ನಾನು ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ. ಯಾವುದೇ ದ್ರಾವಕ ತಂದರೂ ಮೊದಲು ಸ್ಪ್ರೂ ಮೇಲೆ ನೋಡುತ್ತೇನೆ. ಭಾಗಗಳು ಅಂಟಿಕೊಂಡು ಬರುವ ಚೌಕಟ್ಟು ಅದು, ಸುಮ್ನೆ ಎಸೆಯುವ ವಸ್ತು. ಕಿಟ್‌ನದೇ ಪ್ಲಾಸ್ಟಿಕ್ ಆದ್ದರಿಂದ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಂದು ಹನಿ ಬಿಟ್ಟು, ಹತ್ತು ನಿಮಿಷ ಕಾದು, ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದರೆ, ಜಿಗುಟಾದರೆ, ಹೊಳಪು ಹೋದರೆ ಆ ಬಾಟಲಿ ಮುಚ್ಚಿಡಿ. ಟಮಿಯಾ ಥರದ ಅಕ್ರಿಲಿಕ್ ಬಣ್ಣ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಮೊಬೈಲ್ ರಿಪೇರಿಯವರು ಐಪಿಎ ಅಂತ ಇಟ್ಟುಕೊಂಡಿರುತ್ತಾರಲ್ಲ, ಅದೇ. ಅದು ನಮ್ಮ ಮನೆಯಿಂದ ಐದು ನಿಮಿಷದ ದಾರಿಯಲ್ಲಿತ್ತು, ನನಗೆ ಹೊಳೆಯಲಿಲ್ಲ. ಅದಕ್ಕೂ ಬೆಂಕಿ ಹತ್ತುತ್ತದೆ, ಕಿಟಕಿ ತೆರೆದೇ ಬಳಸಿ. ಎನಾಮಲ್ ಬಣ್ಣವಾದರೆ ಟರ್ಪಂಟೈನ್. ಅದನ್ನೂ ಬರಿ ಪ್ಲಾಸ್ಟಿಕ್ ಮೇಲೆ ನಿಲ್ಲಲು ಬಿಟ್ಟರೆ ಬೆಸುಗೆಯ ಜಾಗ ಬಿರುಕು ಬಿಡಬಹುದು.

ನೇಲ್ ಪಾಲಿಶ್ ರಿಮೂವರ್ ಮನೆಯಲ್ಲೇ ಇದೆಯಲ್ಲ ಅನ್ನಿಸಬಹುದು. ಬಹಳಷ್ಟರಲ್ಲಿ ಇರುವುದು ಅಸಿಟೋನ್, ಬೇಡ. ಕ್ಯಾನೊಪಿಗೆ ಫೆವಿಕ್ವಿಕ್ ಕೂಡ ಬೇಡ, ಅದರ ಹೊಗೆ ಕೂತು ಗಾಜು ಬೆಳ್ಳಗಾಗುತ್ತದೆ. ಬಿಳಿ ಫೆವಿಕಾಲ್ ಆರಿದ ಮೇಲೆ ಕಾಣುವುದೇ ಇಲ್ಲ, ಅದರಲ್ಲೇ ಅಂಟಿಸಿ. ಕಾರಿಗೆ ಹೊಡೆಯುವ, ಹಾರ್ಡನರ್ ಬೆರೆಸುವ ಬಣ್ಣವನ್ನಂತೂ ಮನೆಯೊಳಗೆ ತರಲೇಬೇಡಿ. ಆ ಹಾರ್ಡನರ್‌ಗಳಲ್ಲಿ ಸಾಮಾನ್ಯವಾಗಿ ಇರುವ ಐಸೊಸಯನೇಟ್ ಆಸ್ತಮಾ ತರುವಂಥದ್ದು.

ಬಣ್ಣದ ಕೆಲಸ ಈಗ ತಾರಸಿಯ ಮೇಲೆ, ಹಗಲಲ್ಲಿ ಮಾತ್ರ. ದ್ರಾವಕಗಳೆಲ್ಲ ಗಾಜಿನ ಶೀಶೆಯಲ್ಲಿ, ದೊಡ್ಡ ಅಕ್ಷರದ ಚೀಟಿ ಅಂಟಿಸಿ, ಬೀಗ ಹಾಕುವ ಕಪಾಟಿನಲ್ಲಿ. ಮಗ ಭಾಗ ಕತ್ತರಿಸಲು, ಉಜ್ಜಲು, ವಿಮಾನದ ಮೇಲೆ ಅಂಟಿಸುವ ಗುರುತಿನ ಚಿತ್ರಗಳನ್ನು (ಡೆಕಲ್) ನೀರಿಗೆ ಹಾಕಲು ಬರುತ್ತಾನೆ. ಶೀಶೆಯ ಮುಚ್ಚಳ ತೆಗೆಯುವ ಮೊದಲು ಅವನು ಅಜ್ಜನ ಜೊತೆ ಕೆಳಗೆ ಇಳಿಯಬೇಕು.

ಉಳಿದ ಥಿನ್ನರ್ ಅನ್ನು ಮೋರಿಗೆ ಚೆಲ್ಲಲಿಲ್ಲ. ನಮ್ಮ ಓಣಿಯಲ್ಲಿ ಪಾಲಿಶ್ ಕೆಲಸ ಮಾಡುವವರೊಬ್ಬರಿಗೆ ಕೊಟ್ಟೆ. ಕರಗಿದ ವಿಮಾನವನ್ನು ಎಸೆಯಲು ಹೊರಟಾಗ ಅಪ್ಪ ಬಿಡಲಿಲ್ಲ. ಮೂಗಿನ ಸೂಜಿಯನ್ನು ಚಿಮಟದಿಂದ ಮೆಲ್ಲಗೆ ಎಳೆದು ತೆಗೆದು, ಒಂದು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟಿದ್ದಾರೆ. ಹೊಸ ಕಿಟ್ ಬಂದಿದೆ. ಆ ಸೂಜಿ ಅದಕ್ಕೆ.