ತಲಪಾಡಿಯಾಚೆಯ ‘ಕಾರುಣ್ಯ’ ಲಾಟರಿ: ಡ್ರಾ ನಂಬಬಹುದು, ಲೆಕ್ಕ ಇನ್ನೂ ತೆರೆಯಬೇಕು

ಮಂಗಳೂರಿನಿಂದ ತೊಕ್ಕೊಟ್ಟು, ಕೋಟೆಕಾರು ಹಾದು ತಲಪಾಡಿ ಗಡಿ ದಾಟಿದರೆ, ಮಂಜೇಶ್ವರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಕೇರಳ ರಾಜ್ಯ ಲಾಟರಿಯ ಅಂಗಡಿಗಳು ಶುರುವಾಗುತ್ತವೆ. ಕರ್ನಾಟಕವು 2007ರಲ್ಲಿ ಎಲ್ಲ ಬಗೆಯ ಲಾಟರಿಗಳನ್ನು ನಿಷೇಧಿಸಿತು. ಹೊರರಾಜ್ಯದ ಟಿಕೆಟ್‌ಗಳ ಮಾರಾಟವನ್ನು ತಡೆಯುವ ಅಧಿಕಾರವನ್ನು 1998ರ ಲಾಟರಿ ನಿಯಂತ್ರಣ ಕಾಯ್ದೆಯೇ ರಾಜ್ಯಗಳಿಗೆ ಕೊಟ್ಟಿದೆ. ಆದ್ದರಿಂದ ಗಡಿಯ ಈಚೆ ಯಾರಾದರೂ ಮೇಜಿನಡಿಯಿಂದ ಟಿಕೆಟ್ ತೆಗೆದುಕೊಟ್ಟರೆ ಅದು ಅಕ್ರಮ ಮಾರಾಟ. ಮೊಬೈಲಿಗೆ ಬರುವ ‘ಆನ್‌ಲೈನ್ ಕೇರಳ ಲಾಟರಿ’ಯಂತೂ ಶುದ್ಧ ಮೋಸ, ಏಕೆಂದರೆ ಕೇರಳ ಸರ್ಕಾರ ಮಾರುವುದು ಕಾಗದದ ಟಿಕೆಟನ್ನು ಮಾತ್ರ. ಆ ಟಿಕೆಟ್‌ಗಳಲ್ಲಿ ಶನಿವಾರ ಡ್ರಾ ಆಗುವ ‘ಕಾರುಣ್ಯ’ದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ರೋಗಿಗಳ ನೆರವಿನ ಹೆಸರು ಹೊತ್ತು ಮಾರಾಟವಾಗುವ ಟಿಕೆಟ್ ಅದು.

ಬೆಲೆ 50 ರೂಪಾಯಿ, ಮೊದಲ ಬಹುಮಾನ 1 ಕೋಟಿ. ಟಿಕೆಟ್‌ನ ಮುಖದ ಮೇಲೆ ಎರಡು ಅಕ್ಷರಗಳ ಸರಣಿ, ಆರು ಅಂಕಿಗಳ ಸಂಖ್ಯೆ, ಬಾರ್‌ಕೋಡ್ ಮತ್ತು ಬಹುಮಾನಗಳ ಪಟ್ಟಿ ಇರುತ್ತವೆ. ಹಿಂಬದಿಯಲ್ಲಿ ಏಜೆಂಟರ ಸೀಲು ಮತ್ತು ಹೆಸರು, ವಿಳಾಸ, ಸಹಿಗೆ ಜಾಗವಿರುತ್ತದೆ. ಚಿಕ್ಕ ಬಹುಮಾನಗಳು ಕೊನೆಯ ನಾಲ್ಕು ಅಂಕಿಗಳ ಮೇಲೆ ನಿರ್ಧಾರವಾಗುತ್ತವೆ. ಆದರೆ ಕನ್ನಡಿಗರು ಇಷ್ಟೊಂದು ಸಂಖ್ಯೆಯಲ್ಲಿರುವ ಮಂಜೇಶ್ವರ, ಕಾಸರಗೋಡಿನಲ್ಲಿ ಮಾರುವ ಟಿಕೆಟ್‌ನಲ್ಲಿ ಕನ್ನಡದ ಒಂದು ಸಾಲೂ ಇಲ್ಲ. ಹಣ ಪಡೆದು ಮಾರುವ ವಸ್ತುವಿನ ಷರತ್ತುಗಳನ್ನು ಕೊಳ್ಳುವವರ ಭಾಷೆಯಲ್ಲಿ ಮುದ್ರಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವೇನಲ್ಲ.

ಡ್ರಾದ ವ್ಯವಸ್ಥೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಟಿಕೆಟನ್ನು ಸರ್ಕಾರವೇ ಮುದ್ರಿಸಬೇಕು, ಡ್ರಾವನ್ನು ರಾಜ್ಯದೊಳಗೆ ತಾನೇ ನಡೆಸಬೇಕು, ಮಾರಾಟದ ಹಣ ರಾಜ್ಯದ ಸಾರ್ವಜನಿಕ ಖಾತೆಗೆ ಹೋಗಬೇಕು, ಯಾರೂ ಕೇಳಿಕೊಂಡು ಬಾರದ ಬಹುಮಾನ ಸರ್ಕಾರದ ಸೊತ್ತಾಗಬೇಕು, ಹಬ್ಬಗಳ ಹೊತ್ತಿನ ದೊಡ್ಡ ಬಹುಮಾನದ ಬಂಪರ್ ಡ್ರಾಗಳು ವರ್ಷಕ್ಕೆ ಆರನ್ನು ಮೀರಬಾರದು ಎಂದು 1998ರ ಆ ಕಾಯ್ದೆ ಹೇಳುತ್ತದೆ. ತಿರುವನಂತಪುರದ ಗೋರ್ಕಿ ಭವನದಲ್ಲಿ ತೀರ್ಪುಗಾರರ ಸಮಿತಿಯ ಎದುರಿನಲ್ಲಿ, ಸಾರ್ವಜನಿಕರು ನೋಡುತ್ತಿರುವಾಗಲೇ ಯಂತ್ರದ ಚಕ್ರಗಳು ತಿರುಗಿ ಅಂಕಿಗಳು ನಿಲ್ಲುತ್ತವೆ. 1967ರಲ್ಲಿ ಇಲಾಖೆ ಸ್ಥಾಪಿಸಿ, 1968ರ ಜನವರಿ 26ರಂದು ಒಂದು ರೂಪಾಯಿ ಟಿಕೆಟ್‌ಗೆ 50,000 ರೂಪಾಯಿಯ ಮೊದಲ ಬಹುಮಾನದೊಂದಿಗೆ ಮೊದಲ ಡ್ರಾ ನಡೆಸಿದ ರಾಜ್ಯವಿದು. ಆ ದೀರ್ಘ ಅನುಭವ ಇಲ್ಲಿ ಕಾಣುತ್ತದೆ. ಟಿಕೆಟ್ ಮಾರುವವರಲ್ಲಿ ವೃದ್ಧರೂ ಅಂಗವಿಕಲರೂ ಬಹಳ ಮಂದಿ. ಅವರ ಕೈಗೆ ಸೇರುವ ಕಮಿಷನ್ನು ಈ ಲಾಟರಿಯಿಂದ ಆಗುವ ಒಳಿತುಗಳಲ್ಲಿ ನನ್ನ ಕಣ್ಣಿಗೆ ನೇರವಾಗಿ ಬೀಳುವಂಥದ್ದು.

ಇನ್ನುಳಿದ ಒಳಿತು ಎಲ್ಲಿದೆ? ಕೆ. ಎಂ. ಮಾಣಿ ಕೇರಳದ ಹಣಕಾಸು ಸಚಿವರಾಗಿದ್ದಾಗ ಈ ಟಿಕೆಟ್ ಹುಟ್ಟಿದ್ದೇ ಕಾರುಣ್ಯ ಬೆನವೊಲೆಂಟ್ ಫಂಡ್‌ಗಾಗಿ. ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡದ ಕಾಯಿಲೆ, ಹಿಮೋಫಿಲಿಯಾಗಳಿಂದ ಬಳಲುವ ಬಡವರಿಗೆ ಆ ನಿಧಿಯಿಂದ ಸಾಮಾನ್ಯವಾಗಿ 2 ಲಕ್ಷದವರೆಗೆ, ಮೂತ್ರಪಿಂಡದ ರೋಗಿಗಳಿಗೆ 3 ಲಕ್ಷದವರೆಗೆ ನೆರವು ಸಿಗುವಂತೆ ಯೋಜನೆ ರೂಪುಗೊಂಡಿತು. ಕಾಸರಗೋಡಿನ ರೋಗಿಗಳು ದೊಡ್ಡ ಚಿಕಿತ್ಸೆಗೆಲ್ಲ ಮಂಗಳೂರನ್ನೇ ನೆಚ್ಚಿಕೊಂಡಿರುವುದನ್ನು ಬಲ್ಲ ನಮಗೆ ಈ ಮೊತ್ತದ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ. ಅನಂತರ ಈ ನೆರವು ಬಡ ಕುಟುಂಬಗಳ ಆಸ್ಪತ್ರೆ ವೆಚ್ಚ ಭರಿಸುವ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ದೊಡ್ಡ ಚೌಕಟ್ಟಿನೊಂದಿಗೆ ಬೆರೆಯಿತು. ಲಾಟರಿಯ ಆದಾಯ ಖಜಾನೆಗೆ ಹೋಗುತ್ತದೆ, ಆರೋಗ್ಯಕ್ಕೆ ಹಣ ಬಜೆಟ್ಟಿನ ಮೂಲಕ ಬರುತ್ತದೆ. ಹೀಗಾಗಿ ನಾನು ಕೊಟ್ಟ 50 ರೂಪಾಯಿಯಲ್ಲಿ ರೋಗಿಗೆ ಎಷ್ಟು ಸೇರಿತೆಂಬುದು ಟಿಕೆಟ್‌ನಿಂದ ತಿಳಿಯುವುದಿಲ್ಲ. ತೆರಿಗೆಯ ಪಾಲನ್ನಾದರೆ ನಾವೇ ಲೆಕ್ಕ ಹಾಕಬಹುದು: 2025ರ ಸೆಪ್ಟೆಂಬರ್ 22ರಿಂದ ಲಾಟರಿಯ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿದ್ದು, ಬೆಲೆಯೊಳಗೇ ಅಡಗಿರುವ ತೆರಿಗೆ 14 ರೂಪಾಯಿಗಿಂತ ಹೆಚ್ಚು.

ಬ್ರಿಟನ್ನಿನ ರಾಷ್ಟ್ರೀಯ ಲಾಟರಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 1994ರಲ್ಲಿ ಆರಂಭವಾದ ಆ ಲಾಟರಿಯನ್ನು ಪರವಾನಗಿ ಪಡೆದ ಕಂಪನಿ ನಡೆಸುತ್ತದೆ. ಮೊದಲು ಕ್ಯಾಮಲಾಟ್, 2024ರ ಫೆಬ್ರವರಿಯಿಂದ ಆಲ್ವಿನ್. ಅದರ ಮೇಲೆ ಕಣ್ಣಿಡುವುದು ಜೂಜು, ಲಾಟರಿಗಳ ನಿಯಂತ್ರಣ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್. ಹಣ ಹಂಚುವವು ಇವೆರಡೂ ಅಲ್ಲದ ಪ್ರತ್ಯೇಕ ಸಂಸ್ಥೆಗಳು: ಮಾರಾಟದ ಹಣದಲ್ಲಿ ಸತ್ಕಾರ್ಯಗಳಿಗೆಂದು ತೆಗೆದಿಡುವ ಪಾಲಿನಲ್ಲಿ ಶೇ. 40 ಆರೋಗ್ಯ, ಶಿಕ್ಷಣ, ಪರಿಸರ, ಸಮಾಜಸೇವೆಗೆ. ಕ್ರೀಡೆ, ಕಲೆ, ಪರಂಪರೆಗೆ ತಲಾ 20. ಕೇರಳದಲ್ಲಿ ಮಾರುವುದು, ಮೇಲ್ವಿಚಾರಣೆ ನಡೆಸುವುದು, ಖರ್ಚು ಮಾಡುವುದು ಮೂರೂ ಸರ್ಕಾರವೇ. ಖಾಸಗಿ ಕಂಪನಿಗೆ ವಹಿಸಿಕೊಡಿ ಎಂದು ನಾನು ಹೇಳುತ್ತಿಲ್ಲ, ಸರ್ಕಾರವೇ ನಡೆಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಆದರೆ ಹಂಚಿಕೆಯನ್ನು ಸ್ವತಂತ್ರ ಮಂಡಳಿಗೆ ಒಪ್ಪಿಸಿ, ಪ್ರತಿ ಟಿಕೆಟ್‌ನ ಹಿಂದೆ ರೋಗಿಗಳ ಪಾಲು ಎಷ್ಟು ಪೈಸೆ ಎಂದು ಮುದ್ರಿಸಲೇಬೇಕು. ಕಾರುಣ್ಯ ಎಂಬ ಹೆಸರಿಟ್ಟು ದಿನಗೂಲಿಯವರಿಂದ ಹಣ ಪಡೆಯುವವರು ಅಷ್ಟು ಲೆಕ್ಕ ಕೊಡಲು ಬದ್ಧರು. ಎರಡು ಹೊತ್ತಿನ ಊಟದ ದುಡ್ಡನ್ನು ವಾರವಾರ ಇದಕ್ಕೆ ಹಾಕುವವರನ್ನು ಕಂಡೇ ಕರ್ನಾಟಕ ಬಾಗಿಲು ಮುಚ್ಚಿತು, ಮತ್ತು ಆ ಕಳವಳ ಇಂದಿಗೂ ನಿಜ.

ಗೆದ್ದವರಿಗೆ ಸಿಗುವುದರ ಬಗ್ಗೆಯೂ ತಿಳಿದಿರಲಿ. 1 ಕೋಟಿಯಲ್ಲಿ ಏಜೆಂಟರ ಕಮಿಷನ್, ಉಳಿದ ಮೊತ್ತದ ಮೇಲೆ ಶೇ. 30ರ ತೆರಿಗೆ, ಸರ್‌ಚಾರ್ಜ್, ಸೆಸ್ ಕಳೆದರೆ ಕೈಗೆ ಬರುವುದು ಸುಮಾರು 60 ಲಕ್ಷ. ಕರ್ನಾಟಕದವರು ಗೆಲ್ಲಬಾರದೆಂದೇನಿಲ್ಲ, 2024ರ ತಿರುವೋಣಂ ಬಂಪರ್‌ನ 25 ಕೋಟಿ ಬಂದದ್ದು ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ, ಆ ಟಿಕೆಟ್ ಮಾರಾಟವಾಗಿದ್ದು ವಯನಾಡಿನಲ್ಲಿ. ಕೊಳ್ಳುವವರು ಏಜೆಂಟರ ಸೀಲು ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಂಡು, ಹಿಂಬದಿಯಲ್ಲಿ ಹೆಸರು ಬರೆದು ಸಹಿ ಹಾಕಿ, ಮಡಿಸದೆ ಇಡಬೇಕು. ಬಹುಮಾನ ಬಂದರೆ ನಿಗದಿತ ಗಡುವಿನೊಳಗೆ ಟಿಕೆಟನ್ನು ಕೇರಳದ ಲಾಟರಿ ಕಚೇರಿಗೆ ಒಪ್ಪಿಸಬೇಕು.